ಮಾಳಿಯ ಮಗ

ನಮ್ಮ ಕಡೆ ಇಬ್ಬರು ಗಂಡಸರು ಜಗಳಕ್ಕೆ ನಿಂತರೆ ಮೊದಲ ಏಟು ಬೀಳುವುದು ಅಲ್ಲಿಲ್ಲದ ಒಬ್ಬ ಹೆಂಗಸಿಗೆ. ಜಗಳ ಬದು ಒತ್ತಿದ್ದಕ್ಕಿರಬಹುದು, ಎತ್ತು ಮಾರಿದ ದುಡ್ಡಿಗಿರಬಹುದು, ಬಾವಿ ನೀರಿನ ಪಾಳಿಗಿರಬಹುದು. ಎರಡನೇ ಮಾತಿಗೇ ಒಬ್ಬನ ಅವ್ವ, ಇನ್ನೊಬ್ಬನ ಅಕ್ಕ-ತಂಗಿ, ಸಿಟ್ಟು ಇನ್ನೂ ಏರಿದರೆ ಇಬ್ಬರ ಹೆಂಡಿರೂ ನಡುಬೀದಿಗೆ ಬಂದಿರುತ್ತಾರೆ. ಅಬಲೂರಿನಲ್ಲಿ ಅಮ್ಮನ ಮನೆಯ ಕಟ್ಟೆಯ ಮೇಲೆ ಕೂತು ಇಂಥವನ್ನು ನಾನು ಎಷ್ಟೋ ನೋಡಿದ್ದೇನೆ. ಹಿರೇಕೆರೂರು ತಾಲ್ಲೂಕಿನ ಅಬಲೂರು ನನ್ನ ಅವ್ವನ ತವರು. ನಮ್ಮಲ್ಲಿ ಹೆತ್ತವಳು ಅವ್ವ, ಅವಳನ್ನು ಹೆತ್ತವಳು ಅಮ್ಮ. ಶಾಲೆಗೆ ಸೂಟಿ ಬಿಟ್ಟರೆ ನಾನೂ ನನ್ನ ತಮ್ಮನೂ ಅಲ್ಲೇ. ಆಗ ಅದು ಧಾರವಾಡ ಜಿಲ್ಲೆ. ಹಾವೇರಿ ಬೇರೆ ಜಿಲ್ಲೆ ಆದದ್ದು 1997ರಲ್ಲಿ.

ಒಂದು ಸಂಜೆ ಎದುರುಮನೆಯವನಿಗೂ ಹಿಂದಿನ ಓಣಿಯವನಿಗೂ ಬದುವಿನ ತಂಟೆ ಹತ್ತಿತ್ತು. ಅಮ್ಮ ಮೊರದಲ್ಲಿ ಜೋಳ ಹಾಕಿಕೊಂಡು ಹಳ್ಳು ಆರಿಸುತ್ತಿದ್ದಳು. ತಲೆ ಎತ್ತದೆ ಅಂದಳು: “ಬದು ಒತ್ತಿದಾಂವ ಇಂವ. ಇವನ ಅವ್ವ ಮಣ್ಣಿಗೆ ಹೋಗಿ ಎಷ್ಟು ವರ್ಷ ಆತು. ಆಕೀನ ಯಾಕ ಎಬ್ಬಸ್ತಾರಿವರು?”

ನಾನು ನಕ್ಕೆ. ತಮ್ಮ ಆ ಬೈಗುಳಗಳನ್ನು ಬಾಯಿಪಾಠ ಮಾಡುತ್ತಿದ್ದ. ಅವನಿಗಾಗ ಹೊಸ ಮಾತು ಯಾವುದು ಸಿಕ್ಕರೂ ಗೆದ್ದ ಗೋಲಿ ಸಿಕ್ಕಷ್ಟು ಖುಷಿ.

ಸರ್ವಜ್ಞನ ಕಥೆಯನ್ನು ನಾನು ಪುಸ್ತಕದಲ್ಲಿ ಓದುವ ಮೊದಲು ಅಮ್ಮನ ಬಾಯಲ್ಲೇ ಕೇಳಿದ್ದು. ಊರಿನ ಹೆಮ್ಮೆ ಅದು, ಮಕ್ಕಳಿಗೆಲ್ಲ ಗೊತ್ತಿರುತ್ತದೆ. ಮಾಸೂರಿನ ಬಸವರಸನಿಗೆ ಮಕ್ಕಳಿರಲಿಲ್ಲ, ಕಾಶಿಗೆ ಹೋದ, ತಿರುಗಿ ಬರುವಾಗ ಅಬಲೂರಿನ ಕುಂಬಾರರ ಮನೆಯಲ್ಲಿ ಇಳಿದ, ಅಲ್ಲಿದ್ದ ಮಾಳಿ ಎಂಬ ವಿಧವೆಯಲ್ಲಿ ಹುಟ್ಟಿದ ಮಗ ಪುಷ್ಪದತ್ತ, ಅವನೇ ಮುಂದೆ ಸರ್ವಜ್ಞ. ಇದಕ್ಕೆ ಬೇರೆ ಪಾಠಗಳೂ ಇವೆ. ಒಂದೊಂದು ಊರಲ್ಲಿ ಒಂದೊಂದು ನಮೂನೆ ಹೇಳುತ್ತಾರೆ, ವಿದ್ವಾಂಸರು ಅವನ ಕಾಲವನ್ನೇ ಹದಿನಾರು-ಹದಿನೇಳನೇ ಶತಮಾನದ ನಡುವೆ ಅತ್ತಿತ್ತ ಮಾಡುತ್ತಾರೆ. ಆದರೆ ಎಲ್ಲರ ಕಥೆಯೂ ಬೇಗ ಬೇಗ ಮಾಳಿಯನ್ನು ದಾಟಿ ಮಗನ ಹಿಂದೆ ಹೊರಡುತ್ತದೆ. ಅಮ್ಮನ ಕಥೆ ಮಾತ್ರ ಮಾಳಿಯ ಹತ್ತಿರವೇ ಕೂತುಬಿಡುತ್ತಿತ್ತು.

“ಅಂವ ಮಾಸೂರಿಗೆ ಹ್ವಾದ. ಆಕಿ ಎಲ್ಲಿಗೆ ಹೋಗಬೇಕು? ಮಡಿಕಿ ಮಾಡೋ ಮಣ್ಣು ಇಲ್ಲೇ ಇತ್ತು, ಬಸರೂ ಇಲ್ಲೇ ಇತ್ತು. ನೀರಿಗೆ ಹ್ವಾದ್ರ ಯಾರು ಏನ್ ಅಂದ್ರೋ. ಆ ಹುಡುಗ ಆಡಾಕ ಹ್ವಾದ್ರ ಏನ್ ಅಂದು ಕರದ್ರೋ.”

ಏನೆಂದು ಕರೆದಿರಬಹುದು ಎಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಕನ್ನಡದಲ್ಲಿ ದಿನಬೆಳಗಾದರೆ ಆಡುವ, ಗೆಳೆಯ ಗೆಳೆಯನಿಗೆ ಪ್ರೀತಿಯಿಂದಲೂ ಅನ್ನುವ, ಸಿನಿಮಾದಲ್ಲೂ ಕೇಳಿಬರುವ ಮೂರು ಬೈಗುಳಗಳಿವೆ: ಮುಂಡೆಮಗ, ಬೋಳಿಮಗ, ರಂಡೆಮಗ. ಮೂರಕ್ಕೂ ಅರ್ಥ ಒಂದೇ. ಗಂಡ ಸತ್ತವಳ ಮಗ. ಆಡುವವನಿಗೆ ಆ ಅರ್ಥ ನೆನಪಿರುವುದಿಲ್ಲ, ನಿಜ. ಆದರೆ ಅಬಲೂರಿನ ಕುಂಬಾರ ಓಣಿಯಲ್ಲಿ ಆಡಲು ಹೋದ ಆ ಹುಡುಗನಿಗೆ ಅದು ಬೈಗುಳವೇ ಆಗಿರಲಿಲ್ಲ, ವಿಳಾಸವಾಗಿತ್ತು. ಕನ್ನಡಿಗರು ಮಾತಿಗೊಮ್ಮೆ ಹೆಸರು ಹೇಳುವ ಕವಿ ಅವನು. 2009ರಲ್ಲಿ ಚೆನ್ನೈನ ಅಯನಾವರಂನಲ್ಲಿ ಅವನ ಪ್ರತಿಮೆ, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ ನಿಂತಾಗ ಎರಡು ರಾಜ್ಯಗಳ ಮುಖ್ಯಮಂತ್ರಿಗಳು ಬಂದಿದ್ದರು. ಅಂಥವನ ಹುಟ್ಟನ್ನೇ ನಮ್ಮ ಭಾಷೆ ಬೈಗುಳ ಮಾಡಿ ಇಟ್ಟುಕೊಂಡಿದೆ. ಅವನು ಮನೆ ಬಿಟ್ಟು ಊರೂರು ತಿರುಗಿ ತಿರಿದು ಉಂಡದ್ದಕ್ಕೆ ವೈರಾಗ್ಯ ಕಾರಣ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಅಮ್ಮ ಅದನ್ನು ಒಪ್ಪುತ್ತಿರಲಿಲ್ಲ. “ಇದ್ದ ಊರಾಗ ಇರಗೊಡಲಿಲ್ಲ ಅನ್ನು” ಎನ್ನುತ್ತಿದ್ದಳು.

ಸ್ತ್ರೀವಾದ ಎಂದರೆ ಹೆಂಗಸರ ತಾಪತ್ರಯ, ಅದನ್ನು ಹೆಂಗಸರೇ ಮಾತಾಡಿಕೊಳ್ಳಲಿ ಎನ್ನುವವರು ಸಿಕ್ಕಾಗ ನನಗೆ ನೆನಪಾಗುವವನು ಈ ಹುಡುಗ. ಮಾತು ಬಿದ್ದದ್ದು ತಾಯಿಯ ಮೇಲೆ, ಊರು ಬಿಟ್ಟದ್ದು ಮಗ.

ಸರ್ವಜ್ಞನೂ ಈ ವಿಷಯದಲ್ಲಿ ಸುಲಭದ ಮನುಷ್ಯನಲ್ಲ. ಹೆಣ್ಣೇ ಇಹಕ್ಕೂ ಪರಕ್ಕೂ ಸಂಪತ್ತಿಗೂ ಮೂಲ ಎನ್ನುವ ತ್ರಿಪದಿ ಅವನ ಹೆಸರಿನಲ್ಲಿದೆ. ಹೆಣ್ಣನ್ನು ನಂಬಬೇಡ ಎಂದು ಎಚ್ಚರಿಸುವ ತ್ರಿಪದಿಗಳೂ ಅವನ ಹೆಸರಿನಲ್ಲೇ ಇವೆ. ಯಾವುದು ಅವನದು, ಯಾವುದನ್ನು ಯಾರೋ ಕಟ್ಟಿ ಅವನ ಅಂಕಿತ ಹಾಕಿದರು ಎಂದು ಬಿಡಿಸುವುದು ಕಷ್ಟ. ಉತ್ತಂಗಿ ಚೆನ್ನಪ್ಪನವರು ಊರೂರು ಅಲೆದು, ಓಲೆಗರಿ ಹುಡುಕಿ, ಹೇಳುವವರ ಬಾಯಿಂದ ಕೇಳಿ ಬರೆದುಕೊಂಡು 1924ರಲ್ಲಿ ಅಚ್ಚು ಮಾಡಿಸದಿದ್ದರೆ ಅವನ ಎಷ್ಟು ಮಾತು ನಮಗೆ ಉಳಿಯುತ್ತಿತ್ತೋ. ಕ್ರೈಸ್ತ ಪಾದ್ರಿಯೊಬ್ಬರು ಕುಂಬಾರಗಿತ್ತಿಯ ಮಗನ ಮಾತು ಉಳಿಸಲು ಜೀವ ಸವೆಸಿದ್ದು ಈ ನೆಲದ ದೊಡ್ಡ ಕಥೆ, ಅದು ಬೇರೆ ಬರಹಕ್ಕೆ ಇರಲಿ.

ಶಾಲೆಯಲ್ಲಿ ತ್ರಿಪದಿ ಕಂಠಪಾಠ ಸ್ಪರ್ಧೆಗೆ ನಾನು ಆರಿಸಿಕೊಂಡದ್ದು ಎಲ್ಲರೂ ಬಲ್ಲ ಆ ಪದ್ಯ. ಚಳಿ ತಾಗದ ಮನೆ, ಖರ್ಚಿಗಾಗುವಷ್ಟು ದುಡ್ಡು, ಮನಸ್ಸು ತಿಳಿದು ನಡೆಯುವ ಹೆಂಡತಿ ಇದ್ದರೆ ಸ್ವರ್ಗವೂ ಬೇಡ ಎನ್ನುವುದು. ಹಿಂದಿನ ರಾತ್ರಿ ಒಲೆ ಮುಂದೆ ಕೂತು ರಾಗವಾಗಿ ಒಪ್ಪಿಸುತ್ತಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ಮನಿ, ರೊಕ್ಕ, ಹೇಣ್ತಿ. ಇದರಾಗ ನೀ ಯಾರಾಗಿ ನಿಂತು ಹೇಳ್ತಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಅದನ್ನೇ ಹೇಳಿ ಬಹುಮಾನಕ್ಕೆ ಸ್ಟೀಲಿನ ಲೋಟ ತಂದೆ. ಅವ್ವ ಓದು ಬಾರದವಳು, ವಿಮರ್ಶೆ ಎಂಬ ಪದವನ್ನು ಕೇಳಿದವಳೂ ಅಲ್ಲ. ಮುಂದೆ ಧಾರವಾಡದಲ್ಲಿ ಕನ್ನಡ ಎಂ.ಎ. ಓದುವಾಗ ಕಾವ್ಯದಲ್ಲಿ ಮಾತಾಡುತ್ತಿರುವವರು ಯಾರು, ಕೇಳುತ್ತಿರುವವರು ಯಾರು ಎಂದು ಪಾಠದಲ್ಲಿ ಬಂದಾಗ, ಇದನ್ನು ಒಲೆ ಮುಂದೆ ಕೇಳಿದ್ದೇನಲ್ಲ ಅನ್ನಿಸಿತು.

ಅಬಲೂರಿಗೆ ಬಂದವರನ್ನು ಊರವರು ಮೊದಲು ಕರೆದುಕೊಂಡು ಹೋಗುವುದು ಸೋಮೇಶ್ವರ ಗುಡಿಗೆ. ಶಿವಭಕ್ತ ಏಕಾಂತದ ರಾಮಯ್ಯನ ಶಾಸನ ಇರುವುದು ಅಲ್ಲೇ. 1200ರ ಸುಮಾರಿನದು. ಜೈನರ ಸವಾಲಿಗೆ ತಲೆ ಕಡಿದುಕೊಂಡು ಏಳನೇ ದಿನ ಮರಳಿ ಪಡೆದ ಕಥೆ ಅದರಲ್ಲಿದೆ. ರಾಜ ಬಿಜ್ಜಳನಿಂದ ಜಯಪತ್ರ ಸಿಕ್ಕಿದ್ದೂ ಇದೆ. ಕಥೆಯ ಚಿತ್ರಗಳನ್ನೂ ಕಲ್ಲಿನಲ್ಲಿ ಕೊರೆದಿದ್ದಾರೆ. ಜಿನಬಿಂಬ ಒಡೆದ ಭಾಗ ಬಂದಾಗ ನನಗೆ ಈಗಲೂ ಹಿತವೆನಿಸುವುದಿಲ್ಲ, ಆದರೆ ಶಾಸನ ತಾನು ಹೇಳಬೇಕಾದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ನಮ್ಮ ಸೀಮೆಯ ಊರುಗಳಲ್ಲಿ ವೀರಗಲ್ಲುಗಳಿಗೇನೂ ಕೊರತೆಯಿಲ್ಲ. ದನ ಕಾಯಲು ಹೋಗಿ ಸತ್ತವನಿಗೂ ಊರು ಕಾಯಲು ಹೋಗಿ ಸತ್ತವನಿಗೂ ಕಲ್ಲು ಉಂಟು. ಹೆಂಗಸಿಗೂ ಕಲ್ಲು ಉಂಟು, ಬಳೆ ತೊಟ್ಟು ಮೇಲೆತ್ತಿದ ತೋಳಿನ ಮಾಸ್ತಿಕಲ್ಲು. ಗಂಡನ ಜೊತೆ ಸುಟ್ಟುಕೊಂಡರೆ ಸಿಗುವುದು. ಮಾಳಿಯ ಹಾಗೆ ಬದುಕಿ ಉಳಿದವಳಿಗೆ ಕಲ್ಲಿಲ್ಲ. ಅವಳ ಹೆಸರು ನಮಗೆ ಗೊತ್ತಿರುವುದು ಮಗ ತನ್ನ ಹುಟ್ಟಿನ ಪದ್ಯಗಳಲ್ಲಿ ಅದನ್ನು ಮುಚ್ಚಿಡಲಿಲ್ಲ ಎಂಬ ಕಾರಣಕ್ಕೆ. ಸರ್ವಜ್ಞನ ಎಲ್ಲ ಜಾಣ ಮಾತುಗಳಿಗಿಂತ ನನಗೆ ಈ ಒಂದು ಕೆಲಸ ದೊಡ್ಡದಾಗಿ ಕಾಣುತ್ತದೆ.

ಲೆಕ್ಕಕ್ಕೆ ಸಿಗದೆ ಹೋಗುವುದು ಎಂದರೇನು ಎಂಬುದನ್ನು ನಾನು ಕಲಿತದ್ದು ನಮ್ಮ ಮನೆಯ ಪಡಸಾಲೆಯಲ್ಲಿ, 1981ರ ಜನಗಣತಿಯ ದಿನ. ಲೆಕ್ಕ ಬರೆಯಲು ಬಂದವರು ನಮ್ಮ ಮೇಷ್ಟ್ರೇ. ಅಪ್ಪ ಚಾಪೆ ಹಾಸಿ ಕೂರಿಸಿದ. ಹೆಸರು, ವಯಸ್ಸು, ಓದು ಎಲ್ಲ ಆಯಿತು.

“ಮನ್ಯಾಗಿನೋರು ಏನ್ ಕೆಲಸ ಮಾಡ್ತಾರ?”

“ಏನಿಲ್ರಿ. ಮನ್ಯಾಗ ಇರ್ತಾಳ.”

ಅದೇ ಹೊತ್ತಿಗೆ ಅವ್ವ ತಲೆಯ ಮೇಲೆ ಮೇವಿನ ಹೊರೆ ಹೊತ್ತು ಬಾಗಿಲಿಗೆ ಬಂದಿದ್ದಳು. ಹೊರೆ ಎಷ್ಟು ಅಗಲವಿತ್ತೆಂದರೆ ಒಳಗೆ ಬರಲು ಅಡ್ಡ ತಿರುಗಬೇಕಾಯಿತು. ಮೇಷ್ಟ್ರು ಹೊರೆ ನೋಡಿದರು, ಅಪ್ಪನ ಮುಖ ನೋಡಿದರು, ಕಾಗದದಲ್ಲಿ ಏನೋ ಬರೆದರು. ಯಾರ ಮೇಲೂ ಯಾರಿಗೂ ಸಿಟ್ಟಿರಲಿಲ್ಲ. ಅಪ್ಪ ಸುಳ್ಳು ಹೇಳಿದ್ದನೆಂದು ನಾನು ಹೇಳಲಾರೆ. ಅವ್ವ ಮಾಡುವುದಕ್ಕೆ ಕೆಲಸ ಅನ್ನಬಹುದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಮನೆಗೆಲಸ ಮಾಡುವವರನ್ನು ಜನಗಣತಿ ‘ಕೆಲಸ ಮಾಡದವರ’ ಪಟ್ಟಿಗೆ ಹಾಕುತ್ತದೆ. ಮಗಳು ಜೋಳ ಕೊಯ್ದರೂ, ಸೊಸೆ ಕಳೆ ತೆಗೆದರೂ, ಕೈಗೆ ಕೂಲಿ ಬಾರದಿದ್ದರೆ ಅವರು ಆ ಪಟ್ಟಿಗೇ ಜಾರುತ್ತಿದ್ದರು.

ಇದನ್ನು ಪ್ರಶ್ನಿಸಿದವರಿದ್ದರು. ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಅವರು 1970ರ ದಶಕದಲ್ಲೇ ಹಳ್ಳಿಯ ಹೆಂಗಸರು ದಿನದ ಯಾವ ಹೊತ್ತು ಏನು ಮಾಡುತ್ತಾರೆಂದು ಬರೆದಿಟ್ಟು, ಸರ್ಕಾರದ ಲೆಕ್ಕದಲ್ಲಿ ಎಷ್ಟು ಕೆಲಸ ಬಿಟ್ಟುಹೋಗಿದೆ ಎಂದು ತೋರಿಸಿದವರು. ಮಹಿಳಾ ಸಂಘಟನೆಗಳೂ ಪಟ್ಟು ಬಿಡಲಿಲ್ಲ. 1991ರ ಜನಗಣತಿ ಬಂದಾಗ, ಕಳೆದ ವರ್ಷ ಕೆಲಸ ಮಾಡಿದ್ದೀರಾ ಎಂಬ ಪ್ರಶ್ನೆಯ ಪಕ್ಕ ಕಂಸದಲ್ಲಿ ನಾಲ್ಕು ಮಾತು ಸೇರಿದವು. ಹೊಲದಲ್ಲಿ ಇಲ್ಲವೇ ಮನೆತನದ ಉದ್ಯೋಗದಲ್ಲಿ ಕೂಲಿಯಿಲ್ಲದೆ ಮಾಡಿದ ಕೆಲಸವೂ ಸೇರುತ್ತದೆ ಎಂದು. ಆಗ ನಾನು ಧಾರವಾಡದಿಂದ ಊರಿಗೆ ಬಂದಿದ್ದೆ. ಈ ಸಲ ಬಂದವರು ಬೇರೆ ಮೇಷ್ಟ್ರು. ಅಪ್ಪ ಹಳೆಯ ಉತ್ತರವನ್ನೇ ಕೊಟ್ಟ. ಅವರು ಕಂಸದೊಳಗಿನದನ್ನು ಓದಿ ಹೇಳಿದರು. ಅಪ್ಪ ಎಲೆ-ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದವನು ತಡೆದ.

“ಹಂಗಾದ್ರ ಬರಕೋರಿ. ನನಗಿಂತ ಹೆಚ್ಚು ಮಾಡ್ತಾಳ.”

ಅಪ್ಪ ಹತ್ತು ವರ್ಷದಲ್ಲಿ ಬದಲಾಗಿರಲಿಲ್ಲ. ಕೇಳುವ ಮಾತು ಬದಲಾಗಿತ್ತು. ರೊಟ್ಟಿ ಬಡಿಯುವುದು, ನೀರು ತರುವುದು, ಮುದಿ ಮಾವನ ಹಾಸಿಗೆ ಒಗೆಯುವುದು ಆ ಕಂಸದಲ್ಲೂ ಸೇರಲಿಲ್ಲ, ಅದು ನಿಜ. ಸ್ತ್ರೀವಾದಿಗಳು ಬರೀ ಪದಗಳ ಮೇಲೆ ಜಗಳ ಮಾಡುತ್ತಾರೆ, ಹಳ್ಳಿಯ ಹೆಂಗಸಿಗೆ ಇದರಿಂದ ಏನು ಬಂತು ಎಂದು ಯಾರಾದರೂ ಕೇಳಿದರೆ, ಹಳ್ಳಿಯ ಒಬ್ಬ ಗಂಡಸಿಗೆ ತನ್ನ ಹೆಂಡತಿಯ ಬಗ್ಗೆ ನಿಜ ಹೇಳಲು ಒಂದು ಕಂಸ ಬೇಕಾಯಿತು ಎಂದು ನಾನು ಹೇಳುತ್ತೇನೆ.

ಕೂಲಿಯದೂ ಇದೇ ಬಗೆ. 1972ರಲ್ಲಿ ಧಾರವಾಡದ ಡಾ. ಬಿ.ಎಚ್. ಕಟರಕಿ ಅವರು ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ತಂದ ಮೇಲೆ ನಮ್ಮ ಸೀಮೆಯಲ್ಲೂ ಬೀಜದ ಪ್ಲಾಟುಗಳು ಎದ್ದವು. ಸಂಜೆ ಹೆಣ್ಣುಸಾಲಿನ ಮೊಗ್ಗು ಬಿಡಿಸಿ ಗಂಡು ಕೇಸರವನ್ನೆಲ್ಲ ತೆಗೆಯಬೇಕು. ಬೆಳಿಗ್ಗೆ ಗಂಡುಸಾಲಿನ ಹೂ ತಂದು ಅದಕ್ಕೆ ಸವರಬೇಕು. ಕ್ರಾಸಿಂಗ್ ಅಂತಾರೆ. ಮೊಗ್ಗಿನೊಳಗೆ ಉಗುರು ತಾಗಿದರೆ ಹೂ ಕೆಟ್ಟಿತು, ಆದ್ದರಿಂದ ಸಣ್ಣ ಬೆರಳು ಬೇಕು, ಆದ್ದರಿಂದ ಹೆಂಗಸರು, ಹುಡುಗಿಯರು. ಇಡೀ ಪ್ಲಾಟಿನ ನಾಜೂಕಿನ ಕೆಲಸ ಇದು. ಹೊಲದ ಯಜಮಾನ ಕೂಲಿ ಹೇಳುವಾಗ ಮಾತ್ರ ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು. ಮದ್ದು ಹೊಡೆಯುವ ಗಂಡಾಳಿಗೆ ಹೆಚ್ಚು. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿತ್ತು. ನಮ್ಮ ಬೀಜದ ಪ್ಲಾಟಿಗೆ ಅದು ಬಂದ ಹಾಗೆ ಕಾಣಲಿಲ್ಲ. ಅವ್ವನ ಜೊತೆಯವರಲ್ಲಿ ಯಾರೂ ‘ಯಾಕೆ’ ಅನ್ನಲಿಲ್ಲ, ಹೆಣ್ಣಾಳು ಎಂದಾಗಲೇ ಬೆಲೆ ಕಟ್ಟಿ ಮುಗಿದಿತ್ತು.

2008ರಲ್ಲಿ ಉದ್ಯೋಗ ಖಾತರಿ ನಮ್ಮ ಜಿಲ್ಲೆಗೂ ಬಂತು. ಕೆರೆ ಹೂಳೆತ್ತುವ ಕೆಲಸಕ್ಕೆ ಹೆಣ್ಣು-ಗಂಡು ಎರಡು ದರ ಇರಲಿಲ್ಲ. ಗಂಡಸರಲ್ಲಿ ಕೆಲವರು ಮೊದಲು ಗೊಣಗಿದರು. ಆಮೇಲೆ ಗಂಡ-ಹೆಂಡತಿ ಒಟ್ಟಿಗೆ ಬುಟ್ಟಿ ಹೊತ್ತರು. ಎರಡು ಸಮ ಕೂಲಿ ಒಂದೇ ಮನೆಗೆ ಬಂದರೆ ಗಂಡಸಿಗೆ ಏನು ನಷ್ಟ ಎಂದು ಅಪ್ಪನೇ ಕಟ್ಟೆಯ ಮೇಲೆ ವಾದಿಸಿದನಂತೆ.

ಧಾರವಾಡದಲ್ಲಿ ನಾನಿದ್ದಾಗ ವಿಜಯಾ ದಬ್ಬೆ, ಬಿ.ಎನ್. ಸುಮಿತ್ರಾಬಾಯಿ ಮೊದಲಾದವರು ಸ್ತ್ರೀವಾದಿ ವಿಮರ್ಶೆಯನ್ನು ಕನ್ನಡದಲ್ಲಿ ಕಟ್ಟುತ್ತಿದ್ದರು. ಹಾಸ್ಟೆಲಿನಲ್ಲಿ ನಾವು ಅವರನ್ನು ಓದಿ ರಾತ್ರಿಯೆಲ್ಲ ವಾದ ಮಾಡುತ್ತಿದ್ದೆವು. ಇದು ಪರದೇಶದ ಗಾಳಿ, ನಮ್ಮ ನೆಲದ್ದಲ್ಲ ಎಂದು ಹೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವರಿಗೆ ನಾನು ಅಬಲೂರಿನ ಸುತ್ತಲ ನಕಾಶೆ ತೋರಿಸುತ್ತೇನೆ. ಪಕ್ಕದ ಶಿಕಾರಿಪುರ ತಾಲ್ಲೂಕಿನಲ್ಲಿ ಅಕ್ಕಮಹಾದೇವಿಯ ಉಡುತಡಿ ಇದೆ. ಅದೇ ತಾಲ್ಲೂಕಿನ ಜಂಬೂರಿನವಳು ವಚನಕಾರ್ತಿ ಸತ್ಯಕ್ಕ. ಮೈಯ ಮೇಲಿನ ಗುರುತು ನೋಡಿ ಇದು ಹೆಣ್ಣು, ಮೀಸೆ-ಕಠಾರಿ ನೋಡಿ ಇದು ಗಂಡು ಎಂದು ತೀರ್ಮಾನ ಮಾಡುವುದನ್ನು ತಿಳಿದವರ ನಡತೆಯಲ್ಲ ಎಂದು ಹನ್ನೆರಡನೇ ಶತಮಾನದಲ್ಲೇ ತಳ್ಳಿಹಾಕಿದವಳು. ಇನ್ನು ಸೂಳೆ ಸಂಕವ್ವೆ. ಉಳಿದಿರುವುದು ಒಂದೇ ವಚನ. ಲೋಕ ತನಗೆ ಅಂಟಿಸಿದ ನಾಚಿಕೆಯನ್ನು ಎದುರಿಗಿಟ್ಟುಕೊಂಡೇ ತನ್ನ ದೇವರಿಗೆ ನಿರ್ಲಜ್ಜೇಶ್ವರ ಎಂದು ಹೆಸರಿಟ್ಟಳು. 1993ರಲ್ಲಿ ಸರ್ಕಾರ ಹೊರತಂದ ಹದಿನೈದು ವಚನ ಸಂಪುಟಗಳಲ್ಲಿ ಒಂದಿಡೀ ಸಂಪುಟ ಶಿವಶರಣೆಯರದು. ಪರದೇಶದ ಗಾಳಿ ಬೀಸುವ ಮೊದಲು ಇಲ್ಲಿ ಬೀಸುತ್ತಿದ್ದದ್ದು ಇದು. ಹಾಗೆಂದು ಪರದೇಶದಿಂದ ಕಲಿಯಬಾರದೆಂದೇನೂ ನಾನು ಹೇಳುವುದಿಲ್ಲ. ಜನಗಣತಿಯೂ ಪರದೇಶದ್ದೇ.

ಮಾವನ ವಿಷಯ ಬರೆಯದೆ ಮುಂದೆ ಹೋಗಲಾರೆ. ಅವ್ವನ ತಮ್ಮ. ಅಬಲೂರಿನ ಹೊಲ ನೋಡಿಕೊಂಡಿದ್ದವನು ಅವನೇ. ಗೋವಿನಜೋಳದ ರೇಟು ಬಿದ್ದ ವರ್ಷ, ಮಳೆ ಕೈಕೊಟ್ಟ ವರ್ಷ, ಎರಡೂ ಹಿಂದು-ಮುಂದಾಗಿ ಬಂದವು. ಸೊಸೈಟಿಯ ಸಾಲ, ಅದರ ಮೇಲೆ ಕೈಗಡ, ಅದರ ಮೇಲೆ ಖಾಸಗಿ ಬಡ್ಡಿ. ಅತ್ತಿ ಅವನ ಹೆಂಡತಿ; ಅವಳಿಗೆ ಅವನು ಏನೂ ಹೇಳಲಿಲ್ಲ. ಬಿತ್ತುವುದರಿಂದ ಹಿಡಿದು ರಾಶಿಯವರೆಗೆ ಪಕ್ಕದಲ್ಲೇ ಇದ್ದವಳಿಗೆ ಸಾಲದ ಮಾತು ಬಂದಾಗ “ಹೆಂಗಸು, ನಿನಗ್ಯಾಕ” ಎನ್ನುತ್ತಿದ್ದ. ಚಿಕ್ಕವನಿದ್ದಾಗ ಬಿದ್ದು ಮೊಣಕಾಲು ಒಡೆದುಕೊಂಡರೆ “ಗಂಡಸಾಗಿ ಅಳ್ತಿಯೇನೋ” ಎಂದೇ ಅವನನ್ನು ಬೆಳೆಸಿದ್ದರು. ಬೆಳೆಸಿದವರಲ್ಲಿ ಅಮ್ಮನೂ ಇದ್ದಳು. ಒಂದು ದಿನ ಅವನು ತಾನಾಗಿ ಜೀವ ಕಳೆದುಕೊಂಡ. ತಿಂಗಳ ಮೇಲೆ ಸಾಲ ಕೊಟ್ಟವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದಾಗ ಅತ್ತಿಗೆ ಲೆಕ್ಕ ತಿಳಿದದ್ದು. ಪಹಣಿ ಪೌತಿಯಾಗಿ ಗಂಡುಮಕ್ಕಳ ಹೆಸರಿಗೆ ಹೋಯಿತು, ಅತ್ತಿ ಒಪ್ಪಿಗೆಗೆ ಹೆಬ್ಬೆಟ್ಟು ಒತ್ತಿದಳು.

ನಾಳೆ ಇದೇ ಅತ್ತಿಯಂಥ ಒಬ್ಬ ಹೆಂಗಸು ಸಾಲಕ್ಕೆ ಅಂಜಿ ಹೀಗೇ ಮಾಡಿಕೊಂಡರೆ, ಭೂಮಿ ಅವಳ ಹೆಸರಿನಲ್ಲಿ ಇಲ್ಲವಾದ್ದರಿಂದ ಅವಳನ್ನು ರೈತ ಎಂದು ಬರೆಯುವುದು ದುರ್ಲಭ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರತಿವರ್ಷ ಆತ್ಮಹತ್ಯೆಗಳ ಪಟ್ಟಿ ಮಾಡುತ್ತದೆ. ಅದರಲ್ಲಿ ಕೃಷಿಕರಿಗೆ ಒಂದು ಸಾಲು, ಗೃಹಿಣಿಯರಿಗೆ ಇನ್ನೊಂದು ಸಾಲು. ಗಂಡಸಿನ ಗಂಟಲಿಗೆ ಮಾತಿಲ್ಲ, ಹೆಂಗಸಿನ ದುಡಿತಕ್ಕೆ ಹೆಸರಿಲ್ಲ. ಇವೆರಡನ್ನೂ ಬೇರೆ ಬೇರೆ ರೋಗವೆಂದು ಯಾರಾದರೂ ಹೇಳಿದರೆ ನಾನು ಮಾವನ ಮನೆಯನ್ನು ತೋರಿಸಬೇಕಾಗುತ್ತದೆ.

ಮಾವನ ಕಿರಿಯ ಮಗ ಆಗ ಹೈಸ್ಕೂಲಿನಲ್ಲಿದ್ದ. ಒಳ್ಳೆ ಬಾಯಾಳಿ. ಕಬಡ್ಡಿ ಆಡುವಾಗ ಅವನ ಬೈಗುಳ ಕೇಳಲೆಂದೇ ಹುಡುಗರು ಸೇರುತ್ತಿದ್ದರು. ಕರ್ಮ ಮುಗಿಸಿ ಶಾಲೆಗೆ ಹೋದವನಿಗೆ ಗೆಳೆಯನೊಬ್ಬ, ಎಂದಿನ ಸಲಿಗೆಯಿಂದ, ಆ ಮೂರರಲ್ಲಿ ಒಂದನ್ನು ಅಂದ. ಮಾತು ಹಳೆಯದೇ. ಅವನೇ ಅದನ್ನು ಸಾವಿರ ಸಲ ಎಸೆದಿದ್ದ. ಅವತ್ತು ಗೆಳೆಯನ ಹಲ್ಲು ಮುರಿಯುವ ಹಾಗೆ ಹೊಡೆದು, ಚೀಲ ಅಲ್ಲೇ ಬಿಟ್ಟು, ಮನೆಗೆ ಬಂದು ಮಲಗಿದ. ಶಾಲೆಗೆ ಇನ್ನು ಹೋಗುವುದಿಲ್ಲ ಎಂದ. ಗಂಡ ಸತ್ತ ಹೊಸದರಲ್ಲಿ ಹೆಂಗಸು ಹೊಸ್ತಿಲು ದಾಟುವ ಪದ್ಧತಿ ಇಲ್ಲ. ಅತ್ತಿ ದಾಟಿದಳು. ನಾನೂ ಜೊತೆಗಿದ್ದೆ.

ಶಾಲೆಯ ಹಿರಿಯ ಮೇಷ್ಟ್ರು ಸಮಾಧಾನ ಹೇಳಿದರು: “ಬಿಡವ್ವಾ, ಅದು ಎಲ್ಲಾರೂ ಅನ್ನೂ ಮಾತು. ಹುಡುಗ್ರು.”

“ಎಲ್ಲಾರೂ ಅಂತಾರ ಅಂತನ ಬಂದೇನಿರಿ,” ಎಂದಳು ಅತ್ತಿ. “ಹೊಡದಾಂವಗ ಬುದ್ಧಿ ಹೇಳ್ರಿ, ನಾನೂ ಹೇಳೇನಿ. ಅಂದಾಂವಗ ಹೊಡಿಬ್ಯಾಡ್ರಿ, ಅವಂಗ ಗೊತ್ತಿಲ್ಲ. ಆದ್ರ ಆ ಮಾತು ಅಂದ್ರ ಏನು ಅಂತ ಇಬ್ಬರಿಗೂ ಹೇಳ್ರಿ.”

ಮೇಷ್ಟ್ರು ಹೇಳಿದರೋ ಇಲ್ಲವೋ ಗೊತ್ತಾಗಲಿಲ್ಲ. ಹುಡುಗ ಮಾತ್ರ ತಿರುಗಿ ಹೋದ, ಓದು ಮುಗಿಸಿದ. ಈಗ ಅವನ ಬಾಯಲ್ಲಿ ಆ ಮಾತು ಬರುವುದಿಲ್ಲ. ಬೇರೆ ಬೈಗುಳಗಳು ಧಾರಾಳ ಬರುತ್ತವೆ. ಸಿಟ್ಟು ಬಂದವನಿಗೆ ಬೈಯಲು ಕನ್ನಡದಲ್ಲಿ ದನ-ಕತ್ತೆಗಳಿಗೆ ಏನು ಬರವೇ.

2023ರಲ್ಲಿ ಸರ್ಕಾರ ಒಂದು ಶಬ್ದವನ್ನು ಊರಿನ ಬಾಯಿಗೆ ಹಾಕಿತು. ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ಮನೆಯ ಯಜಮಾನಿಗೆ ಎಂದಿತು. ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ ಎಂದು 2013ರ ಆಹಾರ ಭದ್ರತಾ ಕಾಯ್ದೆ ಆಗಲೇ ಹೇಳಿತ್ತು, ಆದರೆ ದುಡ್ಡು ಬರುವವರೆಗೆ ಅದನ್ನು ಓದಿದವರು ಕಡಿಮೆ. ಅಬಲೂರಿನ ಚಹಾದಂಗಡಿಯಲ್ಲಿ ಗಂಡಸರು ಒಬ್ಬರನ್ನೊಬ್ಬರು “ಏನಪಾ, ಮನಿ ಯಜಮಾನ್ತಿ ಕಳಿಸಿದ್ಲೇನ?” ಎಂದು ಕೆಣಕಿದರು. ಹೆಂಗಸರಿಗೆ ಬಿಟ್ಟಿಯಾದ ಶಕ್ತಿ ಬಸ್ಸಿನ ಬಗ್ಗೆ ಜೋಕುಗಳಂತೂ ಮೊಬೈಲಿನಲ್ಲಿ ಈಗಲೂ ಮುಗಿದಿಲ್ಲ. ಅದೇ ಬಸ್ಸಿನಲ್ಲಿ ಹಿರೇಕೆರೂರಿನ ಆಸ್ಪತ್ರೆಗೆ ತಮ್ಮ ತಾಯಂದಿರನ್ನು ಕಳಿಸುವವರೂ ಅವರೇ. ಅತ್ತಿಯನ್ನು ಕೆಣಕಲು ಒಬ್ಬ ಬಂದ.

“ಸರಕಾರ ಯಜಮಾನ್ತಿ ಅಂತ ಚೀಟಿಯೊಳಗ ಬರದೈತಿ,” ಎಂದಳು. “ನೀವು ಪಹಣಿಯೊಳಗ ಬರೀರಿ ನೋಡೂಣು.”

ಅವನು ಚಹಾ ಕುಡಿಯಲು ಹೋದ. ಅತ್ತಿಯ ಹೆಸರು ಪಹಣಿಯಲ್ಲಿ ಈಗಲೂ ಇಲ್ಲ. ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಎಂದು 2005ರಲ್ಲಿ ದೇಶಕ್ಕೆಲ್ಲ ಕಾನೂನು ಬಂದ ಮೇಲೂ, ನಮ್ಮ ಕಡೆ ಅಣ್ಣ-ತಮ್ಮಂದಿರು ಹಕ್ಕುಬಿಡುಗಡೆ ಪತ್ರ ಹಿಡಿದುಕೊಂಡು ಬರುತ್ತಾರೆ; ಸಹಿ ಹಾಕಿದವಳು ಒಳ್ಳೆಯ ಮಗಳು, ಹಾಕದವಳು ತವರು ಕೆಡಿಸಿದವಳು. ನನ್ನ ತಮ್ಮ ಮಾತ್ರ ಆ ಕಾಗದ ತರಲಿಲ್ಲ. ಕೇಳಿದ್ದಕ್ಕೆ, ಅವ್ವ ಹೊತ್ತ ಹೊರೆ ತಾನೂ ನೋಡಿದ್ದೇನೆ ಎಂದ.

ಪ್ರತಿವರ್ಷ ಫೆಬ್ರವರಿ 20ಕ್ಕೆ ಕಚೇರಿಗಳಲ್ಲಿ, ಶಾಲೆಗಳಲ್ಲಿ ಸರ್ವಜ್ಞ ಜಯಂತಿ ನಡೆಯುತ್ತದೆ. ಫೋಟೋಕ್ಕೆ ಹೂ, ಮಕ್ಕಳಿಂದ ತ್ರಿಪದಿ, ಹಿರಿಯರಿಂದ ಭಾಷಣ. ಮೇಷ್ಟ್ರುಗಳಲ್ಲಿ, ಅಕ್ಕೋರುಗಳಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಜಯಂತಿಗೆ ಮಾಳಿಯ ಹೆಸರನ್ನೂ ಹೇಳಿ. ಅವಳು ಮಡಕೆ ಮಾಡಿ ಮಗನನ್ನು ಸಾಕಿದಳು ಎಂದು ಹೇಳಿ. ಆಮೇಲೆ ಆ ಮೂರು ಬೈಗುಳಗಳನ್ನು ಹಲಗೆಯ ಮೇಲೆ ಬರೆದು ಅರ್ಥ ಬಿಡಿಸಿ. ಗಂಡುಹುಡುಗರನ್ನು ಮುಂದಿನ ಸಾಲಿನಲ್ಲಿ ಕೂರಿಸಿ.